ನಕ್ಷೆಯಲ್ಲಿ ಉಳಿದ ಖಾಲಿ ಜಾಗ

ಯುವಾ,
ಮೇ ೨೭, ಸೋಮವಾರ

ಪ್ರೀತಿಯ ಪೈವಿ,

ಹೇಗಿದ್ದೀಯೆ? ಬೆನ್ನುನೋವು ಕಡಿಮೆಯಾಯಿತೆ? ಉಲ್ಫ್ ಇನ್ನೂ ಆ ಹಳೇ ದೋಣಿ ರಿಪೇರಿ ಮಾಡುತ್ತಲೇ ಇದ್ದಾನೋ? ಅಮ್ಮ ಚೆನ್ನಾಗಿದ್ದಾಳೆ. ಸೊಂಟದ ಆಪರೇಷನ್ ಆದಮೇಲೆ ಕೋಲೂರಿಕೊಂಡು ಅಂಗಳದಾಚೆಯ ಸೌನಾ ಹಬೆಮನೆಯ ತನಕ ಒಬ್ಬಳೇ ನಡೆಯುತ್ತಾಳೆ. ಹಿಡಿದುಕೊಳ್ಳಲು ಹೋದರೆ ಅದೇ ಕೋಲಿನಿಂದ ನನ್ನನ್ನು ಆಚೆ ತಳ್ಳುತ್ತಾಳೆ. ಯಾವಾಗಲೂ ಫೋನ್ ಮಾಡುವ ಅಕ್ಕ ಈ ಸಲ ಕಾಗದ ಬರೆದಿದ್ದಾಳೆ ಎಂದು ನೀನು ಹೆದರಬೇಡ, ಯಾರಿಗೂ ಏನೂ ಆಗಿಲ್ಲ. ಹೆದರಿಕೆ ಇರುವುದು ನನಗೆ. ಫೋನಿನಲ್ಲಾದರೆ ಚಳಿ, ಮಳೆ ಅಂತ ಮಾತಾಡಿ ಇಟ್ಟುಬಿಡುತ್ತೇನೆ. ಹನ್ನೊಂದು ವರ್ಷದಿಂದ ಅದನ್ನೇ ಮಾಡಿಕೊಂಡು ಬಂದಿದ್ದೇನೆ. ಬೆಳಗಿನಿಂದ ಇದು ಮೂರನೆಯ ಹಾಳೆ, ಮೊದಲಿನ ಎರಡು ಒಲೆಗೆ ಹೋದವು.

ನಿನ್ನೆ ಜಿಲ್ಲಾ ರಿಲೇ ಇತ್ತು, ನಕ್ಷೆ ದಿಕ್ಸೂಚಿ ಹಿಡಿದು ಕಾಡಿನಲ್ಲಿ ಬಾವುಟ ಹುಡುಕುತ್ತಾ ಓಡುವ ನಮ್ಮ ಅದೇ ಹಳೇ ಓಟ. ಅದೇ ಕಾಡು ಪೈವಿ, ಹನ್ನೊಂದು ವರ್ಷದ ಹಿಂದೆ ನೀನು ಕೊನೆಯ ಸಲ ಓಡಿದ ಕಾಡು. ಅವತ್ತು ನಾವು ಮೊದಲನೆಯವರಾಗಿದ್ದೆವು, ನೀನು ತಪ್ಪು ಬಾವುಟ ಮುಟ್ಟಿ ಬಂದೆ ಎಂದು ಇಡೀ ತಂಡವನ್ನು ಹೊರಗಿಟ್ಟರು. ಕ್ಲಬ್ಬಿನ ವ್ಯಾನಿನಲ್ಲಿ ಎಲ್ಲರ ಮುಂದೆ ನಾನು ಕೇಳಿದ್ದು ನಿನಗೆ ನೆನಪಿರುತ್ತದೆ: "ಕಣ್ಣು ಎಲ್ಲಿಟ್ಟಿದ್ದೆ?" ನೀನು ಕಿಟಕಿಯ ಕಡೆ ತಿರುಗಿ ಕೂತೆ. ಮರುವರ್ಷ ಸ್ವೀಡನ್ನಿಗೆ ಹೋದೆ. ಆಮೇಲೆ ಒಂದು ಬೇಸಿಗೆಗೂ ಊರಿಗೆ ಬರಲಿಲ್ಲ, ದಿಕ್ಸೂಚಿ ಕೈಯಲ್ಲಿ ಹಿಡಿಯಲಿಲ್ಲ.

ಈ ಸಲ ನನ್ನದು ಎರಡನೆಯ ಸರದಿ. ಮೂರನೆಯ ಜಾಗದಲ್ಲಿ ಹೊರಟೆ. ಐವತ್ತಮೂರರ ಮಂಡಿಗಳು ಹೇಳಿದ ಮಾತು ಕೇಳುತ್ತಿದ್ದವು, ಜೌಗಿನಲ್ಲಿ ನೀರೂ ಹೆಚ್ಚಿರಲಿಲ್ಲ. ಏಳನೆಯ ಬಾವುಟದ ಹತ್ತಿರ ಮುಂದೆ ನೀಲಿ ಅಂಗಿಯವಳೊಬ್ಬಳು ಬಂಡೆಯ ಹಿಂದೆ ಇಳಿದಳು, ನಾನೂ ಇಳಿದೆ. ಅವಳು ಬೆರಳಿನ ಚಿಪ್ಪನ್ನು ಬಾವುಟದ ಪೆಟ್ಟಿಗೆಗೆ ಮುಟ್ಟಿಸಿದಳು, ನಾನೂ ಮುಟ್ಟಿಸಿದೆ. ಕೀಂ ಅಂತು, ಓಡಿದೆ. ರಿಲೇಯಲ್ಲಿ ಒಬ್ಬರ ಬೆನ್ನು ಇನ್ನೊಬ್ಬರು ಹಿಡಿಯಬಾರದೆಂದೇ ಒಂದೊಂದು ತಂಡಕ್ಕೆ ಒಂದೊಂದು ಬಾವುಟ ಇಡುತ್ತಾರೆ, ನಂಬರು ನೋಡಿಯೇ ಮುಟ್ಟಬೇಕು ಎಂದು ನಮ್ಮ ಚಿಕ್ಕ ಮಕ್ಕಳಿಗೆ ಪ್ರತಿ ಮಂಗಳವಾರ ಹೇಳಿಕೊಡುವವಳು ನಾನೇ! ಇನ್ನೆರಡು ಬಾವುಟ ಮುಗಿಸಿ ಹುಲ್ಲುಗಾವಲಿಗೆ ಬಂದಾಗ ಏಳನೆಯದರ ನಂಬರು ನೋಡಿದೆನೋ ಇಲ್ಲವೋ ಎಂದು ಅನುಮಾನ ಬಂತು. ನನಗೆ ಬೇಕಾಗಿದ್ದದ್ದು ನಲವತ್ತೇಳು. ಅಲ್ಲಿದ್ದದ್ದು ನಲವತ್ತೇಳೋ, ಎಪ್ಪತ್ತನಾಲ್ಕೋ? ಎಷ್ಟು ನೆನೆಸಿಕೊಂಡರೂ ಆ ನೀಲಿ ಅಂಗಿಯೇ ಕಣ್ಣಿಗೆ ಬರುತ್ತಿತ್ತು.

ಸರದಿ ಬದಲಾಗುವ ಹಗ್ಗದ ಆಚೆ ನಮ್ಮ ಕೊನೆಯ ಸರದಿಯ ಸಾತು ಕುಣಿಯುತ್ತಿದ್ದಳು: "ಬನ್ನಿ ಇರ್ಮೆಲಿ, ಬನ್ನಿ, ಮೂರನೇ ಜಾಗ ನಮ್ದೇ!" ನಾನು ನಿಂತುಬಿಟ್ಟೆ. ಅವತ್ತು ನೀನು ನಿಂತಿದ್ದ ಜಾಗದಲ್ಲೇ, ಆ ಹಳೇ ಹುಲ್ಲಿನ ಕೊಟ್ಟಿಗೆಯ ಮೂಲೆಯಲ್ಲಿ. ಆಮೇಲೆ ಹಿಂದಕ್ಕೆ ತಿರುಗಿದೆ. "ಅಯ್ಯೋ, ಆ ಕಡೆ ಎಲ್ಲಿಗ್ರೀ!" ಎಂದು ಸಾತು ಕಿರುಚಿದ್ದು ಕಾಡಿನೊಳಕ್ಕೂ ಬಂತು. ಆ ಬಂಡೆಯ ಹಿಂದೆ ಹೋಗಿ ನೋಡಿದರೆ ಎಪ್ಪತ್ತನಾಲ್ಕು. ನಮ್ಮದು ಎಂಬತ್ತು ಹೆಜ್ಜೆ ಆಚೆ, ಪಕ್ಕದ ತಗ್ಗಿನಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅದನ್ನು ಮುಟ್ಟಿ, ಕ್ರಮ ತಪ್ಪಬಾರದಲ್ಲ, ಮುಂದಿನ ಎರಡನ್ನೂ ಮತ್ತೆ ಮುಟ್ಟಿ ಬರುವಷ್ಟರಲ್ಲಿ ಮೂರನೆಯವರು ಇಪ್ಪತ್ತಾರನೆಯವರಾಗಿದ್ದೆವು. "ಏನ್ರೀ, ಬ್ಲೂಬೆರಿ ಹಣ್ಣಾಗ್ಲಿ ಅಂತ ಕಾಯ್ತಿದ್ರಾ?" ಎಂದು ಕೇಳಿಯೇ ಸಾತು ಓಡಿದಳು. ಬೈದರೆ ಬೈಯಲಿ. ಫಲಿತಾಂಶದ ಚೀಟಿಯಲ್ಲಿ ತಂಡದ ಹೆಸರಿನ ಮುಂದೆ 'ಸರಿ' ಎಂದೇ ಬಂತು.

ಸಂಜೆ ಸೌನಾ ಮುಗಿಸಿ ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದೆ. ಅಮ್ಮನ ಕಾನೂನು ಗೊತ್ತಲ್ಲ. ಕೆಂಪು ಪೆನ್ಸಿಲ್ಲಿನಲ್ಲಿ ಓಡಿದ ದಾರಿ ಎಳೆಯಬೇಕು, ಪ್ರತಿ ತಪ್ಪಿನ ಪಕ್ಕ ಕಳೆದ ನಿಮಿಷ ಮತ್ತು ಕಾರಣ ಬರೆಯಬೇಕು, ತಪ್ಪನ್ನು ಕಾಡಿನ ಮೇಲೆ ಹಾಕುವ ಹಾಗಿಲ್ಲ. 'ಹದಿನಾಲ್ಕು ನಿಮಿಷ, ನಂಬರು ನೋಡಲಿಲ್ಲ' ಎಂದು ಬರೆದೆ. ಅಮ್ಮ ಕನ್ನಡಕ ಹಾಕಿ ಓದಿ, "ಅಷ್ಟು ದೂರ ಬಂದ್ಮೇಲೆ ಹಿಂದಕ್ಕೆ ಹೋಗ್ಬೇಕು ಅಂತ ಹೇಗೆ ಹೊಳೀತು ನಿಂಗೆ?" ಎಂದಳು. ನಾನು ಕಾಫಿ ಕುಡಿಯುವ ನೆಪ ಮಾಡಿದೆ. ಅವಳು ಕೋಲು ಹಿಡಿದು ಎದ್ದು, ಬೆಂಚಿನ ಪೆಟ್ಟಿಗೆಯಿಂದ ನಿನ್ನ ಆ ನಕ್ಷೆ ತಂದಳು. ಬೇರೆಲ್ಲ ತಪ್ಪುಗಳನ್ನೂ ಬರೆದಿದ್ದೀಯೆ, ಅರ್ಧ ನಿಮಿಷದ್ದನ್ನೂ ಬಿಟ್ಟಿಲ್ಲ. ಹುಲ್ಲುಗಾವಲಿನ ಹತ್ತಿರ ಮಾತ್ರ ಒಂದು ಸಣ್ಣ ಕತ್ತರಿ ಗುರುತು, ಅದರ ಪಕ್ಕ ಖಾಲಿ. "ಪೈವಿ ಕಾರಣ ಬರೀದೆ ಬಿಟ್ಟಿದ್ದು ಇದೊಂದೇ. ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಾಗಿಲ್ಲ," ಎಂದಳು. ನಾನು ಲೋಟ ತೊಳೆಯಲು ಎದ್ದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಆಗಸ್ಟಿನಲ್ಲಿ ಅವಳಿಗೆ ಎಂಬತ್ತು ತುಂಬುತ್ತದೆ. ಬರುತ್ತೀಯಾ ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ನಾನಿರುವುದು ನಿನಗೆ ಕಷ್ಟವಾದರೆ ಆ ವಾರ ನಾನು ಕೆರೆಯ ಆಚೆಯ ಗುಡಿಸಲಿನಲ್ಲಿರುತ್ತೇನೆ. ಉಲ್ಫ್‌ಗೆ ನನ್ನ ನೆನಪು ಹೇಳು. ಅಮ್ಮ ನಿನ್ನ ಕೆನ್ನೆ ತಟ್ಟಿದಳೆಂದು ತಿಳಿದುಕೋ. ಎಲ್ಲಿದ್ದರೂ ತಣ್ಣಗಿರು.

ನಿನ್ನ ಅಕ್ಕ,
ಇರ್ಮೆಲಿ

ಒಂದು ವಿಷಯ ಹೇಳಲು ಮರೆತೆ ಎಂದು ಬರೆಯಹೊರಟಿದ್ದೆ. ಸುಳ್ಳು, ಮರೆತಿಲ್ಲ. ನಾಲ್ಕು ಗಂಟೆಗೆ ಅಂಚೆಪೆಟ್ಟಿಗೆ ತೆಗೆಯುತ್ತಾರೆ, ಅಷ್ಟರೊಳಗೆ ಬರೆಯದಿದ್ದರೆ ಇನ್ನು ಯಾವತ್ತೂ ಬರೆಯಲಾರೆ. ಅವತ್ತು ನೀನು ಆ ಕೊಟ್ಟಿಗೆಯ ಮೂಲೆಯಲ್ಲಿ ನಿಂತು, "ಅಕ್ಕಾ, ನಂಬರ್ ನೋಡಿದ್ನೋ ಇಲ್ವೋ, ವಾಪಸ್ ಹೋಗ್ಲಾ?" ಎಂದು ಕೇಳಿದೆ. ಹಗ್ಗದ ಆಚೆಯಿಂದ, "ಹಿಂದೆ ನೋಡ್ಬೇಡ, ಓಡೇ!" ಎಂದು ಕೂಗಿದ್ದು ನಾನು. ಆಮೇಲೆ ವ್ಯಾನಿನಲ್ಲಿ ನಿನ್ನನ್ನೇ ಕೇಳಿದ್ದೂ ನಾನು. ನೀನು ಯಾರಿಗೂ ಹೇಳಲಿಲ್ಲ. ಇವತ್ತು ಬೆಳಿಗ್ಗೆ ಅಮ್ಮನಿಗೆ ಹೇಳಿದೆ. ಅವಳು ಬೈಯಲಿಲ್ಲ, ಕೆಂಪು ಪೆನ್ಸಿಲ್ಲನ್ನು ನನ್ನ ಕಡೆ ತಳ್ಳಿದಳು. ನಿನ್ನ ನಕ್ಷೆ ಈ ಲಕೋಟೆಯಲ್ಲಿದೆ. ಕತ್ತರಿ ಗುರುತಿನ ಪಕ್ಕ ಕಾರಣ ಬರೆದಿದ್ದೇನೆ: ಅಕ್ಕ ಕೂಗಿದಳು. ಕಳೆದ ಸಮಯವನ್ನೂ ನಾನೇ ತುಂಬಿದ್ದೇನೆ: ಹನ್ನೊಂದು ವರ್ಷ.