ನಿಂತ ಎಂಜಿನ್ನಿಗೆ ಆಯುಧಪೂಜೆ

ರೈಲು ಪರಂಪರೆ ಉದ್ಯಾನದ ಮುಖ್ಯಾಧಿಕಾರಿಗಳೇ,

ಹೋದ ವರ್ಷ ಆಯುಧಪೂಜೆಯ ದಿನ ನನ್ನನ್ನೂ ನನ್ನ ಯಜಮಾನರನ್ನೂ ನಿಮ್ಮ ಉದ್ಯಾನದಿಂದ ಹೊರಗೆ ಹಾಕಿಸಿದಿರಿ. ಮತ್ತೆ ಒಳಗೆ ಬಿಡಬಾರದೆಂದು ಗೇಟಿನಲ್ಲಿ ನಮ್ಮಿಬ್ಬರ ಫೋಟೋ ಅಂಟಿಸಿದಿರಿ. ಯಜಮಾನರು ಈ ಆಷಾಢದಲ್ಲಿ ತೀರಿಕೊಂಡರು. ಅವರ ಫೋಟೋ ಇನ್ನು ಕಿತ್ತುಹಾಕಬಹುದು. ಅವರಿಂದ ತಮ್ಮ ಆಸ್ತಿಗೆ ಅಪಾಯವಿಲ್ಲ. ಈ ವರ್ಷದ ಪೂಜೆಗಾದರೂ ಬಾಗಿಲು ತೆರೆಯುತ್ತೀರೋ ಇಲ್ಲವೋ ಎಂದು ಕೇಳಲು ಬರೆಯುತ್ತಿದ್ದೇನೆ.

ನಿಮ್ಮಲ್ಲಿರುವ ಆ ಕರಿ ಎಂಜಿನ್ನು ಅರಸೀಕೆರೆ–ಮೈಸೂರು ಮೀಟರ್ ಗೇಜ್ ದಾರಿಯಲ್ಲಿ ಓಡಿದ್ದು. ನನ್ನ ಯಜಮಾನರು ಕಾಂತಪ್ಪನವರು ಅದರಲ್ಲಿ ಫೈರ್‌ಮನ್. ಅದರ ಹೊಟ್ಟೆಗೆ ಕಲ್ಲಿದ್ದಲು ಹಾಕಿದವರು ಅವರು, ಆ ಮಸಿ ಬಟ್ಟೆ ಒಗೆದವಳು ನಾನು. ಬ್ರಾಡ್ ಗೇಜ್ ಬಂತು, ಹಳಿ ಕಿತ್ತರು, ಎಂಜಿನ್ನು ದಿಲ್ಲಿಗೆ ಬಂತು. ಮಗನ ಹಿಂದೆ ನಾವೂ ಆರ್.ಕೆ.ಪುರಂಗೆ ಬಂದೆವು. ಅದರ ಮುಂದೆ ಬೋರ್ಡು ಹಾಕಿ ಯಾವ ದೇಶದಲ್ಲಿ ತಯಾರಾಯಿತು, ಎಷ್ಟು ಟನ್ ತೂಗುತ್ತದೆ ಎಂದೆಲ್ಲ ಬರೆಸಿದ್ದೀರಿ. ಅದಕ್ಕೆ ತಿನ್ನಿಸಿದವರು ಯಾರು ಅನ್ನುವುದು ತಮ್ಮ ಚರಿತ್ರೆಯಲ್ಲಿ ಬರುವುದಿಲ್ಲವೇನು?

ಆಯುಧಪೂಜೆಯ ದಿನ ಊರಿನ ರೈಲ್ವೆ ಶೆಡ್ಡಿನಲ್ಲಿ ಎಂಜಿನ್ನಿಗೆ ಕುಂಕುಮ ಹಚ್ಚಿ, ಚೆಂಡುಹೂ ಮುಡಿಸಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟು, ಅದರ ಮೇಲೆ ಹಾಯಿಸುತ್ತಿದ್ದರು. ನಿಮ್ಮ ಉದ್ಯಾನದಲ್ಲಿ ಅದು ಅಲ್ಲಾಡುವುದಿಲ್ಲ. ಅದಕ್ಕೇ ಯಜಮಾನರು ಅದರ ಮೂತಿಯಲ್ಲಿರುವ ಬಫರಿಗೆ ಎರಡೂ ಕೈ ಕೊಟ್ಟು ತಳ್ಳಿ, "ಹೊರಟಿತು ಕಣೇ" ಅನ್ನುತ್ತಿದ್ದರು. ನಾನು ನಿಂಬೆಹಣ್ಣನ್ನು ಕಾಲಲ್ಲಿ ಮೆಟ್ಟುತ್ತಿದ್ದೆ. ವರ್ಷವರ್ಷವೂ ಹೀಗೇ ನಡೆದಿತ್ತು, ಯಾರಿಗೂ ತೊಂದರೆಯಾಗಿರಲಿಲ್ಲ.

ಹೋದ ವರ್ಷ ಹೊಸ ಸೆಕ್ಯುರಿಟಿಯವನು ನೋಡಿದ. "ಅಮ್ಮಾಜಿ, ಯೇ ಕೌನ್ಸಾ ಟೋಟ್ಕಾ ಹೈ?" ಅಂದ.

ಜೊತೆಗೆ ಬಂದಿದ್ದ ಮೊಮ್ಮಗಳು ನಿರೀಕ್ಷಾ ನಕ್ಕುಬಿಟ್ಟಳು. "ಅಜ್ಜಿ, ನೀವು ಎಂಜಿನ್‌ಗೆ ಮಾಟ ಮಾಡ್ತಿದ್ದೀರಂತೆ."

"ಮಾಟ ಬರೋ ಹಾಗಿದ್ರೆ ಮೊದಲು ಇವನ ಬಾಯಿ ಕಟ್ತಿದ್ದೆ ಅಂತ ಹೇಳೇ," ಅಂದೆ. ಅವಳು ಹೇಳಲಿಲ್ಲ.

ನಿಮ್ಮ ಆಫೀಸಿನವರು ಬಂದು, ಕುಂಕುಮದಿಂದ ಬಣ್ಣ ಹಾಳಾಗುತ್ತದೆ ಎಂದರು. ಅದೇ ಹೊತ್ತಿಗೆ ಪಕ್ಕದ ಬೋಗಿಯನ್ನು ಬಾಡಿಗೆಗೆ ಹಿಡಿದವರ ಹುಟ್ಟುಹಬ್ಬ ನಡೆದಿತ್ತು. ಕಿಟಕಿಗೆಲ್ಲ ಕೇಕ್ ಮೆತ್ತಿತ್ತು. ಕೇಕಿಗೆ ಬಣ್ಣ ಹೆದರುವುದಿಲ್ಲವೋ ಏನೋ, ಓದಿದವರು ನೀವು, ತಿಳಿಸಿ. ನನ್ನದು ನಾಲ್ಕನೇ ಕ್ಲಾಸು.

ಆಮೇಲೆ ಯಜಮಾನರು ಮನೆ ಬಿಟ್ಟು ಹೊರಡಲಿಲ್ಲ. ಹಾಸಿಗೆ ಹಿಡಿದ ಮೇಲೆ ಒಮ್ಮೆ ಮಾತ್ರ, "ಈ ಸಲ ಬಿಡ್ತಾರಂತೇನೇ?" ಎಂದು ಕೇಳಿದರು. "ಬಿಡ್ತಾರೆ, ಮಲಗಿ," ಅಂದೆ. ಅವರನ್ನು ಎತ್ತಿಕೊಂಡು ಹೋದಾಗ ನನಗೆ ಅಳು ಬರಲಿಲ್ಲ. ಇನ್ನೂ ಬಂದಿಲ್ಲ. ಹಾಲು ಕಾಯಿಸುತ್ತೇನೆ, ಅಕ್ಕಿ ತೊಳೆಯುತ್ತೇನೆ, ಟಿವಿ ಹಾಕಿದರೆ ನೋಡುತ್ತೇನೆ. ಸಿಟ್ಟು ಕೂಡ ಬರುತ್ತಿಲ್ಲ. ಈ ಪತ್ರದಲ್ಲಿ ಕಂಡರೆ ಅದು ಹಳೇ ಅಭ್ಯಾಸ.

ಕ್ಷಮೆ ಕೇಳಬೇಡಿ, ಅದನ್ನಿಟ್ಟುಕೊಂಡು ನಾನೇನು ಮಾಡಲಿ? ನಮ್ಮ ಫೋಟೋ ತೆಗೆಸಿ. ಆಯುಧಪೂಜೆಯ ಬೆಳಿಗ್ಗೆ ನನ್ನನ್ನೂ ನಿರೀಕ್ಷಾಳನ್ನೂ ಒಳಗೆ ಬಿಡಿ. ನನ್ನ ಕೈಯ ಕುಂಕುಮ ಆಗದು ಅನ್ನುವ ನೆಂಟರಿದ್ದಾರೆ, ಅವಳೇ ಹಚ್ಚುತ್ತಾಳೆ. ಮಗನಿಗೆ ಇದೆಲ್ಲ ಹುಚ್ಚಾಟ, ತಳ್ಳಲು ಮಾತ್ರ ನಮ್ಮಲ್ಲಿ ಯಾರೂ ಉಳಿದಿಲ್ಲ. ಆ ಕೆಲಸಕ್ಕೆ ನೀವೇ ಬನ್ನಿ. ಬಫರಿಗೆ ಎರಡು ಕೈ ಕೊಟ್ಟರೆ ಸಾಕು, ಅದು ಹೊರಡಬೇಕಾಗಿಲ್ಲ.

ಇಂತಿ,
ಈಗಲೂ ಎರಡು ಲೋಟಕ್ಕೇ ಕಾಫಿ ಬಗ್ಗಿಸುವ
ಉಮಾವತಿ, ಆರ್.ಕೆ.ಪುರಂ