ಗುಡಾಣದ ಬಾಯಿಯ ಮಣ್ಣು

ಅಪ್ಪಾ,

ಹೊರಗೆ ಇನ್ನೂ ಹಾಡುತ್ತಿದ್ದಾರೆ. ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಾನು ಹುಟ್ಟಿದ ವರ್ಷ ನನ್ನ ಮದುವೆಗೆಂದು ನೀನು ನೆಲಮಾಳಿಗೆಯಲ್ಲಿ ಹೂತಿಟ್ಟ ಕೆಂಪು ವೈನಿನ ಗುಡಾಣವನ್ನು ಇವತ್ತು ತೆರೆದರು. ವಾಝಾ ಚಿಕ್ಕಪ್ಪ ಮೊದಲ ಗುಟುಕು ನನಗೇ ಕೊಟ್ಟ. ಬರೀ ಹುಳಿ. ಮುಚ್ಚಳಕ್ಕೆ ಮೆತ್ತಿದ ಜೇಡಿಮಣ್ಣು ಒಣಗಿ, ಬಿರಿದು, ಒಳಗೆ ಗಾಳಿ ಹೊಕ್ಕಿತ್ತು.

ನನ್ನ ಗಂಡನ ಅಪ್ಪ ರುಚಿ ನೋಡಿ ನಕ್ಕರು. "ಕಖೇತಿ ಸೀಮೆಯ ವೈನ್ ಅಂದ್ರಿ! ಬೆಳ್ಳುಳ್ಳಿ ಉಪ್ಪಿನಕಾಯಿ ಹಾಕೋಕೆ ಸರಿಹೋಗುತ್ತೆ ಬಿಡಿ."

ಚಿಕ್ಕಪ್ಪನ ಮುಖ ಸಣ್ಣದಾಯಿತು. "ನಮ್ಮಣ್ಣ ಮುಚ್ಚುವಾಗ್ಲೇ ಏನೋ ಎಡವಟ್ಟು ಮಾಡಿರ್ತಾನೆ. ಅಲ್ವೇನೇ ಎತೆರಿ?"

ಆ ಮಣ್ಣಿಗೆ ವಾರವಾರ ನೀರು ಚಿಮುಕಿಸುವ ಕೆಲಸ ನನ್ನದು. ನೀನು ಹಾಸಿಗೆ ಹಿಡಿದ ಮೇಲೆ ನಾನು ಕೆಳಗಿಳಿಯಲೇ ಇಲ್ಲ. "ನೀರು ಹಾಕಿದ್ಯಾ ಮಗಳೇ?" ಎಂದು ಕಣ್ಣುಮುಚ್ಚುವವರೆಗೂ ನೀನು ಕೇಳಿದಾಗಲೆಲ್ಲ "ಹಾಕ್ದೆ" ಎಂದೆ.

ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನಾನು ಚಿಕ್ಕಪ್ಪನಿಗೆ ಹೌದೆಂದು ತಲೆಯಾಡಿಸಿದೆ.