ನೀವು ಮುಚ್ಚಿಟ್ಟ ಹಾಡು

ಅಪ್ಪಯ್ಯ,

ನೀವು ತೀರಿಹೋದ ಮೇಲೆ ನನ್ನ ಮನಸ್ಸು ಇಷ್ಟು ಹಗುರಾದದ್ದು ಇವತ್ತೇ.

ನಿಮ್ಮ ಹಳೇ ಗಿರಾಕಿ ಸಾಸೂನ್ ಸಾಹೇಬರ ಮೊಮ್ಮಗಳು ರೀನಾ, ಅಜ್ಜನ ಊದ್ ಎಂಬ ತಂತಿವಾದ್ಯ ಹಿಡಿದು ಈ ಕೊಲ್ಲಿ ದೇಶದ ಹೂರಾ ಪೇಟೆಯ ನಮ್ಮ ವಾದ್ಯ ರಿಪೇರಿ ಅಂಗಡಿಗೆ ಬಂದಳು. ಅದರ ಮೇಲೆ ಸಾಹೇಬರು ತಾವೇ ಬರೆದ ಹೀಬ್ರೂ ಹಾಡೊಂದನ್ನು ಕೊರೆಸಿದ್ದರಂತೆ. ಯಹೂದಿಯೆಂದು ಗುರುತು ಸಿಕ್ಕರೆ ಅಪಾಯ ಅಂತ ಆಮೇಲೆ ನಿಮ್ಮ ಕೈಲಿ ಮುಚ್ಚಿಸಿದರಂತೆ.

"ಅದರಲ್ಲಿ ದೇವರ ಹೆಸರಿದೆ, ಅದನ್ನು ಅಳಿಸುವಂತಿಲ್ಲ. ಕೆರೆದು ತೆಗೆದಿಲ್ಲ ತಾನೇ?" ಎಂದಳು. ನೀವು ಏನು ಮಾಡಿದ್ದಿರೋ ನನಗೂ ಗೊತ್ತಿರಲಿಲ್ಲ.

ಅಂಟು ಸಡಿಲವಾಗಲೆಂದು ತೇಪೆಯ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟೆ. ನೀವು ಅಂಟಿಸಿದ್ದ ತೆಳು ಹಲಗೆ ಎದ್ದು ಬಂತು. ಅಡಿಯಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ. ಹೋದ ಜೀವ ಬಂತು, ಅಪ್ಪಯ್ಯ.

ನೀವು ಅಂಟಿಸಿದ ದಿನ ಆ ತೇಪೆ ನೋಡಿ, "ವಯಸ್ಸಾಯ್ತು, ಅಪ್ಪಯ್ಯನ ಕೆಲಸ ಈಗ ಹೀಗೇ" ಅಂತ ನಾಲ್ಕು ಜನರೆದುರು ನಕ್ಕಿದ್ದೆ. ಆಗಲೂ ನೀವು ಸಾಹೇಬರ ಗುಟ್ಟು ಬಿಟ್ಟುಕೊಡಲಿಲ್ಲ.

ರೀನಾ ಆ ಹಾಡು ಹಾಡಲು ಕೂತಾಗ, ಹೊರಗೆ ಯಾರಿಗೂ ಕೇಳಿಸದಿರಲಿ ಅಂತ ನಾನು ಬಾಗಿಲು ಹಾಕಲು ಎದ್ದೆ.

"ತೆರೆದೇ ಇರಲಿ," ಎಂದಳು.